ಹದಿನಾಲ್ಕನೆಯ ನಿರರ್ಥಕ ಚಲನೆ

ನನ್ನ ಮೇಜಿನ ಮೇಲೆ ಇಪ್ಪತ್ತನಾಲ್ಕು ಮನೆಗಳಿವೆ. ಪರದೆಯ ಮೇಲೆ ಅಂಗೈಯಗಲದ ಒಂದೊಂದು ಚೌಕ, ಚೌಕದೊಳಗೆ ಒಂದು ಮಗು, ಮಗುವಿನ ಎದುರು ಅದರ ತಾಯಿ. ಬೀದರಿನ ಮಗು ಊಟದ ತಟ್ಟೆ ತಳ್ಳುತ್ತಿರುವಾಗಲೇ ಕಾರವಾರದ ಮಗು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ಹುಬ್ಬಳ್ಳಿಯ ಈ ಕಟ್ಟಡದ ಮೂರನೆಯ ಮಹಡಿಯಲ್ಲಿ ನನ್ನಂಥ ಚಿಕಿತ್ಸಕರು ನಲವತ್ತು ಜನ. ನಮ್ಮಲ್ಲಿ ಒಬ್ಬರೂ ಈ ಮಕ್ಕಳಲ್ಲಿ ಒಂದನ್ನೂ ಮುಟ್ಟಿದವರಲ್ಲ. ಯೋಜನೆಯ ಹೆಸರು ‘ಸನಿಹ’. ಹೆಸರಿಟ್ಟ ಪುಣ್ಯಾತ್ಮ ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾದರೆ ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳುವುದಿದೆ.

ಎಲ್ಲ ಶುರುವಾಗಿದ್ದು ಒಂದು ಒಳ್ಳೆಯ ಪ್ರಶ್ನೆಯಿಂದಲೇ. ಆಟಿಸಂ ಇರುವ ಮಕ್ಕಳು ರಾಜ್ಯದ ಮೂಲೆಮೂಲೆಯಲ್ಲಿದ್ದಾರೆ, ವರ್ತನಾ ಚಿಕಿತ್ಸೆ ಕೊಡಬಲ್ಲವರು ನಾಲ್ಕೈದು ಪಟ್ಟಣಗಳಲ್ಲಿ ಮಾತ್ರ. ಚಿಕಿತ್ಸಕಿ ಮನೆಮನೆಗೆ ಹೋಗಲು ಆಗದಿದ್ದರೆ, ತಾಯಿಯ ಕೈಯನ್ನೇ ಚಿಕಿತ್ಸಕಿಯ ಕೈಯಾಗಿ ಮಾಡಿಕೊಂಡರೆ ಹೇಗೆ?

ಅದಕ್ಕೆ ಮೂರು ಸಾಮಾನು ಬಂದವು. ಗೋಡೆಗೆ ಜಡಿಯುವ ಒಂದು ಕ್ಯಾಮೆರಾ, ಜನ ಅದನ್ನು ಗೋಡೆಗಣ್ಣು ಎಂದೇ ಕರೆದರು. ಮಗುವಿನ ಮಣಿಕಟ್ಟಿಗೆ ಎದೆಬಡಿತ ಅಳೆಯುವ ಪಟ್ಟಿ. ತಾಯಿಯ ಕಿವಿಯೊಳಗೆ ಕಡಲೆಕಾಳಿನಷ್ಟು ಗಾತ್ರದ ಕಿವಿಮಣಿ. ಗೋಡೆಗಣ್ಣು ಮಗುವಿನ ಪ್ರತಿಯೊಂದು ಚಲನೆಯನ್ನೂ ತನ್ನೊಳಗಿರುವ ಹತ್ತು ಲಕ್ಷ ಮಕ್ಕಳ ಚಲನೆಗಳ ಕೋಶದೊಂದಿಗೆ ಹೋಲಿಸುತ್ತದೆ. ಕೋಶದಲ್ಲಿ ಇರುವ ಸನ್ನೆಯಾದರೆ ಉತ್ತರ ಕೊಡು ಎಂದು ತಾಯಿಯ ಕಿವಿಯಲ್ಲಿ ಹೇಳುತ್ತದೆ. ಇಲ್ಲದ್ದಾದರೆ, ಮತ್ತು ಅದೇ ಚಲನೆ ಮೇಲಿಂದ ಮೇಲೆ ಬರುತ್ತಿದ್ದರೆ, ಅದಕ್ಕೆ ‘ನಿರರ್ಥಕ ಚಲನೆ’ ಎಂದು ಹೆಸರಿಟ್ಟು ಒಂದು ಸಂಖ್ಯೆ ಕೊಡುತ್ತದೆ. ಆಗ ತಾಯಿ ಮುಖ ತಿರುಗಿಸಬೇಕು. ಮಗು ಕೈ ಇಳಿಸುವವರೆಗೂ ತಿರುಗಿಸಿಯೇ ಇರಬೇಕು. ಕೈ ಇಳಿಸಿದ ಎರಡು ಸೆಕೆಂಡಿನೊಳಗೆ ಬಾಯಿಗೆ ಬಹುಮಾನ. ಈ ಕ್ರಮ ಸರಿಯಾಗಿ ನಡೆದರೆ ಗೋಡೆಗಣ್ಣಿನ ಕೆಳಗೆ ಹಸಿರು ದೀಪ ಹತ್ತುತ್ತದೆ, ತಪ್ಪಿದರೆ ಕೆಂಪು. ತಾಯಿಯ ಬದಲು ಅಜ್ಜಿಯೋ ಚಿಕ್ಕಮ್ಮನೋ ಕೂತರೂ ನಡೆಯಲಿ ಎಂದು ಯಂತ್ರಕ್ಕೆ ಮುಖ ಗುರುತಿಸುವ ಕೆಲಸ ಕೊಟ್ಟಿರಲಿಲ್ಲ. ಯಾರು ಯಾರಿಗೆ ಎಂಬುದು ಅದಕ್ಕೆ ಬೇಕಿಲ್ಲ, ಕ್ರಮ ಇದ್ದರೆ ಸಾಕು.

ಸುಳ್ಳು ಹೇಳಬಾರದು, ಇದರಿಂದ ಒಳ್ಳೆಯದೂ ಆಗಿದೆ. ಎರಡು ವರ್ಷ ಬರೀ ಬಿಸ್ಕತ್ತು ತಿಂದು ಬದುಕಿದ್ದ ಸಿಂದಗಿಯ ಮಗು ರೊಟ್ಟಿ ತಿನ್ನಲು ಕಲಿತಾಗ ಅದರ ತಾಯಿ ಪರದೆಯ ಆಚೆಯಿಂದಲೇ ನನಗೆ ಕೈಮುಗಿದಿದ್ದಳು. ಆ ಕೈಮುಗಿತದ ಮದದಲ್ಲೇ ನಾನು ರಬಕವಿಯ ಮನೆಯನ್ನು ನನ್ನ ಚೌಕಗಳಿಗೆ ಸೇರಿಸಿಕೊಂಡೆ.

ಕಸ್ತೂರಿಯ ಮನೆ ನೇಕಾರರ ಮನೆ. ಮುಂದೆ ಒಂದು ಪಡಸಾಲೆ, ಅದರ ಹಿಂದಿನ ಬಾಗಿಲು ದಾಟಿದರೆ ಆರು ವಿದ್ಯುತ್ ಮಗ್ಗಗಳ ಅಂಕಣ. ಗಂಡ ಸಿದ್ರಾಮ, ಮಾವ ಮಹಾರುದ್ರಪ್ಪ, ಕಸ್ತೂರಿ, ಮೂವರೂ ಸೀರೆ ನೇಯುವವರು. ಮಗಳು ಪಾರಿಜಾತ, ಕರೆಯುವುದು ಪಾರಿ, ಆಗ ಐದು ವರ್ಷ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದ ತೊಟ್ಟಿಲಲ್ಲಿ ಬೆಳೆದವಳು. ಬಾಯಿಂದ ಒಂದು ಶಬ್ದವೂ ಬಂದಿರಲಿಲ್ಲ. ದಾಖಲಾತಿ ಅರ್ಜಿಯಲ್ಲಿ ‘ಮನೆಯಲ್ಲಿ ಬಳಸುವ ಭಾಷೆ’ ಎಂಬಲ್ಲಿ ಕಸ್ತೂರಿ ‘ಕನ್ನಡ, ಸ್ವಲ್ಪ ಮರಾಠಿ’ ಎಂದು ತುಂಬಿದ್ದಳು.

ಅವಳಿಗೆ ಬೇಕಾಗಿದ್ದು ಒಂದೇ. ಆರು ತುಂಬುವ ಹೊತ್ತಿಗೆ ‘ಸನಿಹ’ದ ಅಂಕ ಎಂಬತ್ತು ದಾಟಿದ ಮಗುವಿಗೆ ಊರಿನ ಶಾಲೆಯಲ್ಲಿ ಜಾಗ. ದಾಟದ ಮಗು ಜಿಲ್ಲಾ ವಸತಿ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ತಾಯಂದಿರಿಗೆ ತಿಂಗಳಿಗೊಮ್ಮೆ ಭೇಟಿ. ಪಾರಿಯ ಮೊದಲ ಅಂಕ ಇಪ್ಪತ್ತೊಂಬತ್ತು.

"ಮೇಡಂ, ಎಂಬತ್ತ ಆಗ್ತೈತಲ್ರಿ?" ಎಂದು ಮೊದಲ ದಿನವೇ ಕೇಳಿದಳು.

"ನಾ ಹೇಳಿದ್ದನ್ನ ಹೇಳಿದಂಗ ಮಾಡಿದ್ರ ಆಗ್ತದ," ಎಂದೆ.

"ಮಾಡ್ತೀನ್ರಿ. ಏನ್ ಹೇಳ್ತೀರಿ ಅದನ್ನ ಮಾಡ್ತೀನಿ. ಅಕಿನ್ನ ನನ್ನ ಹಂತ್ಯಾಕ ಇರಾಕ ಬಿಡ್ರಿ ಅಷ್ಟ."

ಪಾಠ ದಿನಕ್ಕೆ ಎರಡು ತಾಸು, ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ. ಮಗ್ಗದ ಖಟಾಖಟ್ ಸದ್ದಿನಲ್ಲಿ ಕಿವಿಮಣಿ ಕೇಳುವುದಿಲ್ಲ, ಆದ್ದರಿಂದ ಆ ಎರಡು ತಾಸು ಆರೂ ಮಗ್ಗ ನಿಲ್ಲಿಸಬೇಕೆಂಬುದು ನನ್ನ ಷರತ್ತು. ಮಹಾರುದ್ರಪ್ಪನವರು ಗೋಡೆಗಣ್ಣಿನ ಎದುರು ಬಂದು ನಿಂತರು. ಹೆಗಲ ಮೇಲೆ ನೂಲಿನ ಧೂಳು ಹತ್ತಿದ ಟವೆಲ್ಲು.

"ಅಕ್ಕಾರ, ಮಗ್ಗ ನಿಂತ್ವು ಅಂದ್ರ ಈ ಮನ್ಯಾಗ ಏನೋ ಹರದೈತಿ ಅಂತ ಲೆಕ್ಕ. ಏನೂ ಹರೀದನ ಸುಮ್ನ ಮಗ್ಗ ನಿಂದ್ರಸೂದು ಅಂದ್ರ ನಮಗ ಎದಿ ಢವಢವ ಅಂತೈತ್ರಿ."

ಮುದುಕರಿಗೆ ಯಂತ್ರವೆಂದರೆ ಆಗಿಬರುವುದಿಲ್ಲ ಎಂದುಕೊಂಡು ನಾನು ನಕ್ಕುಬಿಟ್ಟೆ. ಆ ಮಾತನ್ನು ಒಂದು ಸಾಲು ಬರೆದಿಟ್ಟುಕೊಂಡಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಮಗ್ಗಗಳು ನಿಂತವು. ನಿಂತ ಮರುಕ್ಷಣ ಪಾರಿ ಶುರು ಮಾಡಿದಳು. ಎರಡೂ ಪುಟ್ಟ ಮುಷ್ಟಿಗಳನ್ನು ಎದೆಯ ಬಳಿ ಕೂಡಿಸಿ ಥಟ್ಟನೆ ಬಿಡಿಸುವುದು, ಆಮೇಲೆ ಬಲ ಅಂಗೈಯನ್ನು ತನ್ನ ಮುಖದ ಕಡೆಗೇ ಹಿಡಿದು ಬೆರಳುಗಳನ್ನು ಮಡಚಿ ಬಿಚ್ಚುವುದು. ಮತ್ತೆ ಮುಷ್ಟಿ, ಮತ್ತೆ ಬೆರಳು. ಒಂದು ತಾಸಿನಲ್ಲಿ ಅರವತ್ತೊಂದು ಸಲ. ಆ ಮಗುವಿನಲ್ಲಿ ಯಂತ್ರ ಅದಾಗಲೇ ಹದಿಮೂರು ನಿರರ್ಥಕ ಚಲನೆಗಳನ್ನು ಗುರುತಿಸಿತ್ತು. ತೂಗುವುದು, ತುದಿಗಾಲಲ್ಲಿ ನಡೆಯುವುದು, ಇತ್ಯಾದಿ. ಇದು ಹದಿನಾಲ್ಕನೆಯದು. ಅದರ ಮುಂದೆ ಗಣಕವೇ ಒಂದು ಟಿಪ್ಪಣಿಯನ್ನೂ ಸೇರಿಸಿತು: ಪಾಠದ ಮೊದಲ ಐದು ನಿಮಿಷದಲ್ಲಿ ಅತಿ ಹೆಚ್ಚು, ಪಾಠ ತಪ್ಪಿಸಿಕೊಳ್ಳುವ ಉದ್ದೇಶ.

"ಮುಖ ತಿರುಗಿಸ್ರಿ," ಎಂದೆ. ಕಸ್ತೂರಿ ತಿರುಗಿಸಿದಳು. ಪಾರಿ ಎದ್ದು ಅವಳ ಮುಖದ ಕಡೆಗೇ ಸುತ್ತಿ ಬಂದು ಮತ್ತೆ ಅದನ್ನೇ ಮಾಡಿದಳು. "ಇನ್ನೊಂದ್ ಕಡೆ ತಿರುಗಿಸ್ರಿ." ತಿರುಗಿಸಿದಳು. ಕೊನೆಗೆ ಮಗು ದಣಿದು ಕೈ ಇಳಿಸಿತು. "ಈಗ ಪುಠಾಣಿ." ಕಸ್ತೂರಿ ಉಡಿಯಿಂದ ಒಂದು ಹುರಿಗಡಲೆ ಕಾಳು ತೆಗೆದು ಮಗಳ ಬಾಯಿಗಿಟ್ಟಳು. "ಕೈ ಕೆಳಗ, ಜಾಣಿ," ಎಂದಳು, ನಾನು ಹೇಳಿಕೊಟ್ಟಂತೆ. ಹಸಿರು ದೀಪ ಹತ್ತಿತು.

ಮೂರನೆಯ ದಿನ ಪಾಠ ಮುಗಿದ ಮೇಲೆ ಅವಳು ಕಿವಿಮಣಿ ತೆಗೆಯದೆ ಕೂತಿದ್ದಳು.

"ಮೇಡಂ, ಒಂದ್ ಮಾತ ಕೇಳ್ಲೇನ್ರಿ? ಅಕಿ ಹಂಗ ಮಾಡಿದ್ರ ನನ್ನ ಕರದಂಗ ಅನಸ್ತೈತ್ರಿ."

"ಎಲ್ಲಾ ತಾಯಂದ್ರಿಗೂ ಹಂಗ ಅನಸ್ತದ ಕಸ್ತೂರಿ. ಯಂತ್ರಕ್ಕ ಹಂಗ ಅನಸೂದಿಲ್ಲ, ಅದಕ್ಕ ಅದು ತಪ್ಪ ಮಾಡೂದಿಲ್ಲ."

ಈ ಸಂಭಾಷಣೆಯ ಧ್ವನಿಮುದ್ರಣ ಇವತ್ತಿಗೂ ಕೇಂದ್ರದಲ್ಲಿದೆ. ಅದರ ಕೆಳಗೆ ನನ್ನದೇ ಷರಾ ಇದೆ: ‘ಪೋಷಕರ ಭಾವುಕ ಊಹೆ. ತಿಳಿಹೇಳಲಾಗಿದೆ.’ ನನ್ನ ದನಿ ಎಷ್ಟು ನಯವಾಗಿದೆಯೆಂದರೆ, ಕೇಳಿದಾಗಲೆಲ್ಲ ನನಗೇ ನನ್ನ ಕೆನ್ನೆಗೆ ಹೊಡೆಯಬೇಕೆನಿಸುತ್ತದೆ.

ಕಸ್ತೂರಿ ಒಳ್ಳೆಯ ವಿದ್ಯಾರ್ಥಿನಿ. ಎರಡು ತಿಂಗಳಲ್ಲಿ ಅವಳ ದೀಪ ಕೆಂಪಾಗುವುದೇ ನಿಂತಿತು. ಮೊದಮೊದಲು ಮುಖ ತಿರುಗಿಸಿದಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಆಮೇಲೆ ಅದೂ ನಿಂತಿತು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ತುಟಿಯಲ್ಲೇ ಎಣಿಸುತ್ತಿದ್ದಳು. ಪಾಠವಿಲ್ಲದ ಹೊತ್ತಿನಲ್ಲೂ, ಅಡುಗೆಮನೆಯಲ್ಲೂ, ಮಲಗುವಾಗಲೂ ಇದನ್ನೇ ಮುಂದುವರಿಸಬೇಕೆಂಬುದು ನಿಯಮ. ಮನೆಯವರೆಲ್ಲ ಪಾಲಿಸಿದರು. ಮಹಾರುದ್ರಪ್ಪನವರೊಬ್ಬರು ಮಾತ್ರ ಮೊಮ್ಮಗಳು ಎದುರಾದರೆ ಎದ್ದು ಮಗ್ಗದ ಅಂಕಣಕ್ಕೆ ಹೋಗಿಬಿಡುತ್ತಿದ್ದರಂತೆ. ನೋಡಿಯೂ ನೋಡದಂತಿರುವುದು ತನ್ನ ಕೈಲಾಗದು ಎಂದರಂತೆ. ಮಗ್ಗಗಳ ನಡುವೆ ಬೆಲ್ಟು, ಚಕ್ರ ತಿರುಗುತ್ತವೆ, ಪಾರಿಯನ್ನು ಅಲ್ಲಿಗೆ ಬಿಡಬೇಡಿ ಎಂದು ನಾನೇ ಹೇಳಿದ್ದೆ. ಬಾಗಿಲಿಗೆ ಚಿಲಕ ಬಿತ್ತು.

ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹದಿನಾಲ್ಕನೆಯ ಚಲನೆ ಇದ್ದಕ್ಕಿದ್ದಂತೆ ಏರಿತು. ಒಂದೇ ತಾಸಿನಲ್ಲಿ ತೊಂಬತ್ತು. ಎದೆಬಡಿತವೂ ಹೆಚ್ಚಿತ್ತು. ಕಲಿತ ಚಲನೆ ಅಳಿದುಹೋಗುವ ಮುಂಚೆ ಒಮ್ಮೆ ಹೀಗೆ ಉಕ್ಕುವುದು ನಮ್ಮ ಶಾಸ್ತ್ರದಲ್ಲಿ ಬರೆದಿರುವ ಸಂಗತಿ, ಅಂಥ ಹೊತ್ತಿನಲ್ಲಿ ಸಡಿಲಬಿಡಬಾರದು. "ನೋಡಬ್ಯಾಡ್ರಿ," ಎಂದೆ. "ಗಟ್ಟಿ ಆಗ್ರಿ." ಕಸ್ತೂರಿ ಗಟ್ಟಿಯಾದಳು. ಸಂಜೆ ಸ್ನಾನ ಮಾಡಿಸುವಾಗ ಅವಳಿಗೆ ಕಂಡಿದ್ದೇ ಬೇರೆ. ಮಣಿಕಟ್ಟಿನ ಪಟ್ಟಿಯ ಕೊಕ್ಕೆ ಚರ್ಮದೊಳಗೆ ಇಳಿದು ಕೀವು ತುಂಬಿತ್ತು.

"ಬೆಳಗಿನಿಂದ ಅದನ್ನ ಹೇಳಾಕತ್ತಿದ್ಳೋ ಏನೋ ಮೇಡಂ," ಎಂದು ಬಿಕ್ಕಿದಳು.

ನಾನು ಡಾಕ್ಟರ್ ಇನಾಮದಾರರ ಕೋಣೆಗೆ ಹೋದೆ. ಅವರು ನಮ್ಮ ಮೇಲಧಿಕಾರಿ. "ಸರ್, ಒಂದು ಸಲ ಆ ಮನೆಗೆ ಹೋಗಿಬರ್ತೀನಿ. ಅರ್ಧ ದಿನದ ಕೆಲಸ."

"ಹೋಗಿ ಏನು ನೋಡ್ತೀರಿ ಮಂದಾಕಿನಿ? ಗೋಡೆಗಣ್ಣಿಗೆ ಕಾಣದ್ದು ನಿಮಗೆ ಕಾಣುತ್ತಾ? ಪಟ್ಟಿ ಬದಲಾಯಿಸಿ ಕಳಿಸಿ. ಉಳಿದ ಇಪ್ಪತ್ಮೂರು ಮನೆ ಆ ಅರ್ಧ ದಿನ ಯಾರು ನೋಡಬೇಕು?"

ಹೊಸ ಪಟ್ಟಿ ಕೊರಿಯರಿನಲ್ಲಿ ಹೋಯಿತು.

ಆಮೇಲೆ ರೇಖೆ ಇಳಿಯುತ್ತ ಬಂತು. ನಲವತ್ತು, ಹನ್ನೆರಡು, ಮೂರು. ಹತ್ತನೆಯ ತಿಂಗಳ ಕೊನೆಗೆ ಸೊನ್ನೆ. ಮಗ್ಗ ನಿಂತರೆ ಪಾರಿ ಈಗ ಎರಡೂ ಅಂಗೈಗಳನ್ನು ತೊಡೆಗೆ ಒತ್ತಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಹೆಸರು ಕರೆದರೆ ನೋಡುತ್ತಿದ್ದಳು. ಕೆಂಪು ಚೆಂಡು ಎಂದರೆ ಕೆಂಪು ಚೆಂಡು ಕೊಡುತ್ತಿದ್ದಳು. ಬಿದ್ದು ಮೊಣಕಾಲು ಒಡೆದುಕೊಂಡರೂ ಅಳದೆ ಕೂತಿರುತ್ತಾಳೆ ಎಂದು ಒಮ್ಮೆ ಕಸ್ತೂರಿ ಹೇಳಿದಳು, ಹೇಳುವಾಗ ಅವಳಿಗೆ ಹೆಮ್ಮೆಯೋ ಹೆದರಿಕೆಯೋ ಗೊತ್ತಾಗಲಿಲ್ಲ. ಅಂಕ ತೊಂಬತ್ತೊಂದು. ನಮ್ಮ ಮಹಡಿಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಇನಾಮದಾರರು ಪೇಢೆ ತರಿಸಿದರು. ನಾನು ಎರಡು ತಿಂದೆ.

ಇಂಥ ದೊಡ್ಡ ಅಂಕ ಬಂದ ಮನೆಗೆ ಚಿಕಿತ್ಸಕಿ ಖುದ್ದಾಗಿ ಹೋಗಿ ಪ್ರಮಾಣಪತ್ರ ಕೊಡಬೇಕು, ಫೋಟೋ ತೆಗೆಸಿಕೊಳ್ಳಬೇಕು, ಸಾಮಾನು ಬಿಚ್ಚಿ ತರಬೇಕು. ಮಗುವಿಗೆ ಹುಷಾರಿಲ್ಲದಾಗ ಸಿಗದ ಅರ್ಧ ದಿನ ಫೋಟೋಗೆ ಸಿಕ್ಕಿತು.

ಹನ್ನೊಂದು ತಿಂಗಳು ದಿನಾ ನೋಡಿದ ಪಡಸಾಲೆ ನಾನಂದುಕೊಂಡಿದ್ದಕ್ಕಿಂತ ಚಿಕ್ಕದಿತ್ತು. ಚೌಕದಲ್ಲಿ ಕಾಣದಿದ್ದ ಬಾಗಿಲು, ಅದರಾಚೆ ಸಾಲು ಮಗ್ಗ. ನಾನು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವಳು, ಮಗ್ಗದ ಮನೆಯ ಹೊಸ್ತಿಲು ತುಳಿದಿದ್ದು ಅದೇ ಮೊದಲು. ನನಗಾಗಿ ಆರೂ ಮಗ್ಗ ನಿಲ್ಲಿಸಿದ್ದರು. ಕೊನೆಯ ಪರೀಕ್ಷೆಯನ್ನು ಎದುರೇ ಕೂತು ಮಾಡಿದೆ. ಪಾರಿ ಒಂದೂ ತಪ್ಪಲಿಲ್ಲ. ಶಾಲೆಯ ಸಮವಸ್ತ್ರ ತೊಟ್ಟು, ಅದರ ಜೇಬಿಗೆ ಪುಠಾಣಿ ತುಂಬಿಸಿಕೊಂಡು, ಎರಡು ಜಡೆ ಹಾಕಿಸಿಕೊಂಡು, ಕೈಗಳನ್ನು ತೊಡೆಗೊತ್ತಿ ಕೂತಿದ್ದಳು. ಕಸ್ತೂರಿ ನನ್ನ ಕಾಲಿಗೆ ಬೀಳಲು ಬಂದಳು, ಎಳೆದು ನಿಲ್ಲಿಸಿದೆ.

"ಪಾಠ ಮುಗೀತಲ್ರಿ ಅಕ್ಕಾರ?" ಎಂದರು ಮಹಾರುದ್ರಪ್ಪನವರು. "ಹಂಗಾರ ಚಾಲೂ ಮಾಡ್ತೀವ್ರಿ. ಗಿರಾಕಿ ಕುಂತಾರ." ಸಿದ್ರಾಮ ಹೋಗಿ ಸ್ವಿಚ್ಚು ಹಾಕಿದ. ಬಾಗಿಲು ತೆರೆದೇ ಇತ್ತು.

ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನೆಲ ಕಂಪಿಸಿತು, ಕೈಯಲ್ಲಿದ್ದ ಚಹಾ ಬಟ್ಟಲು ಕಂಪಿಸಿತು. ಕಸ್ತೂರಿ ನಗುತ್ತ ಏನೋ ಹೇಳಿದಳು, ತುಟಿ ಆಡಿದ್ದಷ್ಟೇ ಕಂಡಿತು. ಅಲ್ಲಿ ಮಾತೆಂಬುದೇ ಸಾಧ್ಯವಿಲ್ಲ. ಒಳಗೆ ನೋಡಿದೆ. ಸಿದ್ರಾಮ ಎರಡು ಬೆರಳೆತ್ತಿ ತಂದೆಗೆ ತೋರಿಸಿದ, ಅವರು ತಲೆಯಾಡಿಸಿ ಬಣ್ಣದ ನೂಲು ಸುತ್ತಿದ ಕಂಡಿಕೆ ಎಸೆದರು. ಅಂಗೈ ಮಗುಚಿದ, ಅವರು ಎಣ್ಣೆ ಡಬ್ಬಿ ಸರಿಸಿದರು. ಮನೆಯವರೆಲ್ಲ ಕೈಯಲ್ಲೇ ಸಂಸಾರ ಮಾಡುತ್ತಿದ್ದರು.

ಆಮೇಲೆ ಮುದುಕರ ಮಗ್ಗ ನಿಂತಿತು. ಅವರು ತಲೆಯೆತ್ತಿ ನಮ್ಮ ಕಡೆ ನೋಡಿದರು. ಎರಡೂ ಮುಷ್ಟಿಗಳನ್ನು ಎದೆಯ ಬಳಿ ಕೂಡಿಸಿ ಥಟ್ಟನೆ ಬಿಡಿಸಿದರು. ಬಲ ಅಂಗೈಯನ್ನು ನಮ್ಮ ಕಡೆ ಚಾಚಿ ಬೆರಳುಗಳನ್ನು ಮಡಚಿ ಬಿಚ್ಚಿದರು.

ಕಸ್ತೂರಿ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಓಡಿದಳು. ಹರಿದ ಎಳೆಯನ್ನು ಹುಡುಕಿ, ಗಂಟು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದಿರುಗಿದಳು. ಮುಖದಲ್ಲಿ ವಿಶೇಷವೇನೂ ಇರಲಿಲ್ಲ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಅದು ಆ ಮನೆಯವರಿಗೆ ಭಾಷೆಯಲ್ಲ, ಕೆಲಸ. ಅರ್ಜಿಯಲ್ಲಿ ತುಂಬಬೇಕೆಂದು ಯಾರಿಗೆ ಹೊಳೆದೀತು? ಸದ್ದಿಲ್ಲದ ಪಡಸಾಲೆಯಲ್ಲಿ ಆ ಸನ್ನೆಯನ್ನು ಯಾರೂ ಮಾಡುವುದಿಲ್ಲ, ಆದ್ದರಿಂದ ಅಲ್ಲಿ ಅದು ಅವರ ಕಣ್ಣಿಗೂ ಬೀಳಲಿಲ್ಲ. ಜೊತೆಗೆ ಮಗು ಅಂಗೈಯನ್ನು ತನ್ನತ್ತ ಹಿಡಿಯುತ್ತಿತ್ತು. ತೊಟ್ಟಿಲಿನಿಂದ ನೋಡಿದ್ದು ಯಾವಾಗಲೂ ತನ್ನ ಕಡೆ ತಿರುಗಿದ ಅಂಗೈಯನ್ನೇ ಅಲ್ಲವೇ? ಕಂಡಿದ್ದನ್ನು ಕಂಡಂತೆಯೇ ಕಲಿತಿತ್ತು. ಏನೋ ಹರಿದಿದೆ, ಬಾ. ಈ ಮನೆಯಲ್ಲಿ ಯಾರು ಹಾಗೆ ಮಾಡಿದರೂ ಯಾರಾದರೊಬ್ಬರು ಓಡಿ ಬರುತ್ತಾರೆ ಎಂದು ಐದು ವರ್ಷ ನೋಡಿ ನೋಡಿ ತಿಳಿದಿದ್ದ ಮಗು. ಮಗ್ಗ ನಿಂತ ಪ್ರತಿ ಸಲ ತಾಯಿಗೆ ಹೇಳಿತ್ತು. ಕೈಗೆ ಕೊಕ್ಕೆ ಚುಚ್ಚಿದಾಗ ಹೇಳಿತ್ತು. ಹದಿಮೂರು ಸಾವಿರದ ಎಂಟುನೂರ ಆರು ಸಲ ಹೇಳಿತ್ತು. ಆ ಲೆಕ್ಕ ನನ್ನ ಚೀಲದಲ್ಲಿದ್ದ ಪ್ರಮಾಣಪತ್ರದ ಹಿಂಬದಿಯಲ್ಲೇ ಇತ್ತು.

ಹೇಗೆ ಹೇಳಲಿ? ಕೂಗಿದರೆ ಕೇಳುವುದಿಲ್ಲ. ಬಾಗಿಲ ಬಳಿ ನಿಂತಿದ್ದ ಕಸ್ತೂರಿಯ ಕಡೆ ನೋಡಿ ನಾನೇ ಅದನ್ನು ಮಾಡಿದೆ. ಮುಷ್ಟಿ ಕೂಡಿಸಿ ಬಿಡಿಸಿ, ಅಂಗೈಯನ್ನು ನನ್ನ ಮುಖದ ಕಡೆಗೇ ಹಿಡಿದು, ಬೆರಳು ಮಡಚಿ ಬಿಚ್ಚಿದೆ. ಪಾರಿ ಮಾಡುತ್ತಿದ್ದ ಹಾಗೆ, ಅಷ್ಟೇ ಚಿಕ್ಕದಾಗಿ.

ಅವಳ ಕಾಲು ತಾನಾಗಿ ನನ್ನತ್ತ ಎರಡು ಹೆಜ್ಜೆ ಬಂತು. "ಏನ್ರೀ, ಏನ್ ಹರೀತು?" ಎಂದು ತುಟಿ ಆಡಿತು. ಆಮೇಲೆ ಕಾಲು ನಿಂತಿತು. ನನ್ನ ಕೈಯನ್ನು ನೋಡಿದಳು. ಒಳಗೆ ಮಾವನನ್ನು ನೋಡಿದಳು. ಮಗಳನ್ನು ನೋಡಿದಳು. ಅವಳ ಮುಖವನ್ನು ನಾನು ಬರೆಯಲಾರೆ, ಬರೆಯುವ ಯೋಗ್ಯತೆ ನನಗಿಲ್ಲ.

ಕಸ್ತೂರಿ ಮಗಳ ಎದುರು ಮೊಣಕಾಲೂರಿ ಕೂತಳು. ಮುಷ್ಟಿ ಕೂಡಿಸಿದಳು, ಬಿಡಿಸಿದಳು. ಬಾ ಎಂದು ಕರೆದಳು. ಮತ್ತೆ ಮಾಡಿದಳು. ಅವಳ ಬಾಯಿ ದೊಡ್ಡದಾಗಿ ತೆರೆದಿತ್ತು, ಅಳುತ್ತಿದ್ದಳು, ಮಗ್ಗದ ಸದ್ದಿನಲ್ಲಿ ಆ ಅಳುವೂ ಕೇಳುತ್ತಿರಲಿಲ್ಲ. ಮತ್ತೆ ಮುಷ್ಟಿ, ಮತ್ತೆ ಬೆರಳು.

ಪಾರಿ ಒಂದು ಗಳಿಗೆ ತಾಯಿಯ ಕೈಗಳನ್ನು ನೋಡಿದಳು. ಆಮೇಲೆ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ ಕೂತಳು. ಕಸ್ತೂರಿ ಸುತ್ತಿ ಬಂದು ಅವಳ ಮುಖದೆದುರು ಕೂತು ಮಾಡಿದಳು. ಪಾರಿ ಇನ್ನೊಂದು ಕಡೆ ತಿರುಗಿದಳು. ತುಟಿಯಲ್ಲಿ ಏನೋ ಎಣಿಸುತ್ತಿದ್ದಳು. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಕಸ್ತೂರಿ ಸೋತಳು, ಎರಡೂ ಕೈ ತೊಡೆಯ ಮೇಲೆ ಬಿದ್ದವು.

ಪಾರಿ ತಟ್ಟನೆ ಇತ್ತ ತಿರುಗಿದಳು. ಸಮವಸ್ತ್ರದ ಜೇಬಿಗೆ ಕೈ ಹಾಕಿ ಒಂದು ಪುಠಾಣಿ ತೆಗೆದು ತಾಯಿಯ ಬಾಯಿಗಿಟ್ಟಳು. ಎರಡು ಸೆಕೆಂಡು ಕೂಡ ಆಗಿರಲಿಲ್ಲ.

ಗೋಡೆಗಣ್ಣನ್ನು ನಾನಿನ್ನೂ ಬಿಚ್ಚಿರಲಿಲ್ಲ. ಅದರ ಕೆಳಗೆ ಹಸಿರು ದೀಪ ಹತ್ತಿತು.